ಮಡಚುವ ಸೈಕಲ್ಲು: ವಾಹನವೊ, ಕೈಸಾಮಾನೊ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು ದೂರ. ರೈಲು ದೇಸೂರು, ಇದಲಹೊಂಡಗಳನ್ನು ದಾಟಿ ಮಲಪ್ರಭೆಯ ತಟದ ಖಾನಾಪುರವನ್ನು ಸೇರುತ್ತದೆ. ನಿತ್ಯ ಪ್ರಯಾಣಿಕನಿಗೆ ತೊಡಕಾಗುವುದು ಈ ನಡುದಾರಿಯಲ್ಲ, ಅದರ ಎರಡು ತುದಿಗಳು: ಮನೆಯಿಂದ ನಿಲ್ದಾಣದವರೆಗೆ ಒಂದು, ನಿಲ್ದಾಣದಿಂದ ಕಾಲೇಜಿನವರೆಗೆ ಇನ್ನೊಂದು. ಸಾಧಾರಣ ಸೈಕಲ್ಲು ಮೊದಲನೆಯ ತುದಿಯಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಪ್ರತಿದಿನವೂ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಏರಿಸುವುದು ಆಗದ ಮಾತು. ಮಡಚುವ ಸೈಕಲ್ಲು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಈ ಕಲ್ಪನೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಶೂಟ್ ದಳಗಳಿಗಾಗಿ ಬಿಎಸ್‌ಎ ಕಂಪನಿಯು ಇಂಥ ಸೈಕಲ್ಲುಗಳನ್ನು ತಯಾರಿಸಿತ್ತು. ಆದರೆ ಅವುಗಳ ಗಾಲಿಗಳು ದೊಡ್ಡವು. ಮಡಚಿದರೂ ಗಾತ್ರ ಅಷ್ಟಾಗಿ ಕುಗ್ಗದು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರು 16 ಅಂಗುಲದ ಗಾಲಿಗಳ ಸೈಕಲ್ಲೊಂದನ್ನು ರೂಪಿಸಿ, ತನ್ನ ಮನೆಯ ಕಿಟಕಿಗೆ ಕಾಣುತ್ತಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನೇ ಅದಕ್ಕಿಟ್ಟನು. ಅದರ ಹಿಂಗಾಲಿ ಚೌಕಟ್ಟಿನ ಅಡಿಗೆ ಮಡಚಿಕೊಳ್ಳುತ್ತದೆ, ಮುಂಗಾಲಿ ಪಕ್ಕಕ್ಕೆ ಬಂದು ಕೂಡುತ್ತದೆ, ಸರಪಣಿ ಎರಡರ ನಡುವೆ ಅಡಗುತ್ತದೆ. ನೆರೆಯವರ ಧೋತರಕ್ಕೆ ಗ್ರೀಸು ತಾಗದಿರುವುದು ಸಣ್ಣ ಗುಣವಲ್ಲ!

ಗಾಲಿ ಚಿಕ್ಕದಾದುದರಿಂದ ಹೆಚ್ಚು ತುಳಿಯಬೇಕೆಂಬ ನಂಬಿಕೆಗೆ ಆಧಾರವಿಲ್ಲ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 50 ಹಲ್ಲುಗಳೂ ಹಿಂದಿನದರಲ್ಲಿ 13 ಹಲ್ಲುಗಳೂ ಇದ್ದರೆ, ಪೆಡಲು ಒಮ್ಮೆ ಸುತ್ತುವಷ್ಟರಲ್ಲಿ ಗಾಲಿಯು ಸುಮಾರು 3.8 ಸುತ್ತು ಸುತ್ತುತ್ತದೆ. ಗಾಲಿಯ ಸುತ್ತಳತೆ ಹೆಚ್ಚುಕಡಿಮೆ 1.3 ಮೀಟರು, ಎಂದರೆ ಒಂದು ತುಳಿತಕ್ಕೆ 5 ಮೀಟರು. ದೊಡ್ಡ ಸೈಕಲ್ಲಿಗಿಂತ ಇದು ಬಹಳ ಕಡಿಮೆಯೇನಲ್ಲ. ನಿಜವಾದ ದೋಷ ಬೇರೆ. ದೊಡ್ಡ ಗಾಲಿ ಮೇಲಿಂದ ಹಾಯ್ದುಹೋಗುವ ಗುಂಡಿಯಲ್ಲಿ ಚಿಕ್ಕ ಗಾಲಿ ಆಳವಾಗಿ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಹ್ಯಾದ್ರಿಯ ಮಳೆ ಹೊಯ್ಯುವ ಈ ಸೀಮೆಯಲ್ಲಿ ಗುಂಡಿಗಳು ನೀರಿನಡಿ ಮರೆಯಾಗಿರುವುದರಿಂದ, ನೀರು ನಿಂತೆಡೆ ಇಳಿದು ನಡೆಯುವುದೇ ಲೇಸು. ಕೀಲುಗಳಲ್ಲಿ ಸೇರಿದ ಕೆಸರನ್ನು ಅಂದಂದೇ ಒರೆಸತಕ್ಕದ್ದು.

ಇನ್ನು ಮುಖ್ಯ ಪ್ರಶ್ನೆ: ಮಡಚಿದ ಮೇಲೆ ಇದು ಏನು? ಎರಡನೆಯ ದರ್ಜೆಯ ಪ್ರಯಾಣಿಕನು 35 ಕಿಲೋಗ್ರಾಂ ಸಾಮಾನನ್ನು ಉಚಿತವಾಗಿ ಒಯ್ಯಬಹುದು. 11-12 ಕಿಲೋಗ್ರಾಂ ತೂಗುವ ಸೈಕಲ್ಲಿಗೆ ಅದು ಧಾರಾಳವಾಯಿತು. ಆದರೆ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗಳಿಗೆ ರೈಲ್ವೆಯು ವಿಧಿಸಿರುವ ಮಿತಿ 100, 60, 25 ಸೆಂಟಿಮೀಟರು. ಮಡಚಿದ ಬ್ರಾಂಪ್ಟನ್ನಿನ ಅಳತೆ ಸುಮಾರು 65, 59, 27. ಉದ್ದದಲ್ಲಿ 35 ಸೆಂಟಿಮೀಟರು ಉಳಿಸಿಯೂ ದಪ್ಪದಲ್ಲಿ ಎರಡೇ ಸೆಂಟಿಮೀಟರಿಗೆ ಅದು ಸೋಲುತ್ತದೆ. ಲಕ್ಷ ರೂಪಾಯಿಗೂ ಮಿಕ್ಕಿದ ಸೈಕಲ್ಲಿನ ಪಾಡು ಇದಾದರೆ, ವಿದ್ಯಾರ್ಥಿಗಳ ಕೈಗೆಟುಕುವ 20 ಅಂಗುಲದ ಮಾದರಿಗಳು ಸಾಮಾನ್ಯವಾಗಿ ಎತ್ತರದಲ್ಲಿಯೂ ದಪ್ಪದಲ್ಲಿಯೂ ಮಿತಿಯನ್ನು ಮೀರುತ್ತವೆ. ಸೈಕಲ್ಲೆಂದು ಎಣಿಸಿದರಂತೂ ಉಚಿತ ಸಾಮಾನಿನ ಸೌಲಭ್ಯವೇ ಇಲ್ಲ. ಹೀಗಾಗಿ ಪ್ರಯಾಣವು ಟಿಕೆಟು ಪರೀಕ್ಷಕರ ದಾಕ್ಷಿಣ್ಯಕ್ಕೆ ಬಿಟ್ಟದ್ದಾಗುತ್ತದೆ. ಚೀಲ ಹೊದಿಸಿದ ಮಡಚು ಸೈಕಲ್ಲನ್ನು ಕೈಸಾಮಾನೆಂದು ಎಣಿಸಿ, ಅದಕ್ಕೆ ಪ್ರತ್ಯೇಕ ಅಳತೆಯೊಂದನ್ನು ಗೊತ್ತುಪಡಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ, ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಅದನ್ನು ಮಡಚಿಸಿ, ಪೆಡಲು ಹ್ಯಾಂಡಲ್ಲುಗಳೂ ಸೇರುವಂತೆ ಟೇಪು ಹಿಡಿದು ಅಳೆಯಬೇಕು.