ನಿಮಗಿದು ಗೊತ್ತೇ? ಮಣ್ಣಿಗೂ ಹೆಸರುಂಟು, ಊರುಂಟು

◆ ನಿಮ್ಮ ಜಮೀನಿನ ಪಹಣಿಯಲ್ಲಿ ವಿಸ್ತೀರ್ಣ, ಖರಾಬು, ಕಂದಾಯದ ಆಸುಪಾಸಿನಲ್ಲೇ ‘ಮಣ್ಣಿನ ನಮೂನೆ’ ಎಂಬ ಕಲಮೊಂದಿದೆ. ಸಾಲಕ್ಕೋ ವ್ಯಾಜ್ಯಕ್ಕೋ ಪಹಣಿ ತೆಗೆಸುವ ನಾವು ಅದರತ್ತ ಕಣ್ಣು ಹಾಯಿಸುವುದು ಕಡಿಮೆ.

◆ ಮಣ್ಣಿಗೆ ಆಣೆಯ ಲೆಕ್ಕದಲ್ಲಿ ಅಂಕ ಕೊಟ್ಟ ಕಾಲವೊಂದಿತ್ತು. 1830–40ರ ದಶಕಗಳಲ್ಲಿ ಮುಂಬಯಿ ಪ್ರಾಂತದ ಕಂದಾಯ ನಿಗದಿಗಾಗಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಒಂದು ಪದ್ಧತಿ ಕಟ್ಟಿದರು. ಧಾರವಾಡ ಸೀಮೆಯ ಹೊಲಗಳೂ ಅದರ ಲೆಕ್ಕಕ್ಕೆ ಸಿಕ್ಕವು. ಹೊಲದಲ್ಲಿ ಗುಂಡಿ ತೋಡಿ ಮಣ್ಣಿನ ಆಳವನ್ನು ಮೊಳದಲ್ಲಿ ಅಳೆಯುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ, ನಯವಾದ ಕಪ್ಪು ಮಣ್ಣಾದರೆ ಪೂರ್ತಿ 16 ಆಣೆ. ಆಳ ತಗ್ಗಿದಂತೆ, ಬಣ್ಣ ಗುಣ ಇಳಿದಂತೆ 14, 12, 10 ಎನ್ನುತ್ತ 2 ಆಣೆಯವರೆಗೆ ಒಟ್ಟು ಒಂಬತ್ತು ಮೆಟ್ಟಿಲು. ಸುಣ್ಣಕಲ್ಲು ಬೆರೆತಿದೆಯೇ? ಒಂದು ಮೆಟ್ಟಿಲು ಕೆಳಗೆ. ಹೊಲ ಇಳಿಜಾರೇ? ಇನ್ನೊಂದು ಮೆಟ್ಟಿಲು. ಉದ್ದೇಶ ತೆರಿಗೆಯದೇ ಇರಬಹುದು; ಆದರೆ ಆಳ, ಬಣ್ಣ, ನಯ, ಕಲ್ಲು, ಇಳಿಜಾರು ಎಂಬ ಆ ಐದು ಸಂಗತಿಗಳನ್ನು ಇವತ್ತಿನ ಮಣ್ಣುವಿಜ್ಞಾನಿಯೂ ಬಿಟ್ಟಿಲ್ಲ. ಮೊಳದ ಬದಲು ಸೆಂಟಿಮೀಟರ್ ಬಂತು, ಅಷ್ಟೇ.

◆ ಗ್ರಾಮ ನಕ್ಷೆಯ ಅಳತೆ 1:7920. ಈ ಚಿತ್ರವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಮೋಜಣಿಯ ಸರಪಳಿ 33 ಅಡಿ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ. ಅಂಥ 20 ಸರಪಳಿ ಸೇರಿದರೆ 660 ಅಡಿ, ಅಂದರೆ 7920 ಅಂಗುಲ. ನಕ್ಷೆಯ ಒಂದು ಅಂಗುಲ ನೆಲದ 20 ಸರಪಳಿಗೆ ಸಮ. ಹಾಗಾಗಿ ನಕ್ಷೆಯ ಮೇಲಿನ ಒಂದು ಚದರ ಅಂಗುಲವೆಂದರೆ 400 ಗುಂಟೆ, ಲೆಕ್ಕ ಚುಕ್ತಾ 10 ಎಕರೆ! ಇದನ್ನು ಯಾರೂ ಶಾಲೆಯಲ್ಲಿ ಹೇಳಿಕೊಡದೇ ಇದ್ದುದು ನನಗಂತೂ ಬೇಸರದ ಸಂಗತಿ.

◆ ಕರ್ನಾಟಕದ ‘ಸುಜಲ’ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ 11 ಜಿಲ್ಲೆಗಳ ಮಣ್ಣಿನ ಸಮೀಕ್ಷೆ ನಡೆದದ್ದು ಇದೇ 1:7920ರ ಗ್ರಾಮ ನಕ್ಷೆಗಳ ಮೇಲೆ. ಅದಕ್ಕೂ ಮೊದಲು ಇಡೀ ರಾಜ್ಯಕ್ಕೆ ಇದ್ದದ್ದು 1:2,50,000 ಅಳತೆಯ ಮಣ್ಣಿನ ನಕ್ಷೆ. ಅದರಲ್ಲಿ ಒಂದು ಚದರ ಸೆಂಟಿಮೀಟರಿಗೆ 625 ಹೆಕ್ಟೇರ್. ಹೆಬ್ಬೆರಳು ಊರಿದರೆ ನಿಮ್ಮೂರು, ಪಕ್ಕದೂರು, ನಡುವಿನ ಕೆರೆ ಎಲ್ಲವೂ ಮಾಯ. ಅಂಥ ನಕ್ಷೆ ಯೋಜನಾ ಇಲಾಖೆಗೆ ಸಾಕು. ಬದುವಿನ ಆಚೆ ಕಡಲೆ, ಈಚೆ ಶೇಂಗಾ ಹಾಕುವವನಿಗೆ ಸಾಲದು.

◆ ‘ಎಂ ಬಿ 2 ಜಿ 1’. ಬಸ್ಸಿನ ನಂಬರಲ್ಲ, ಒಂದು ಹೊಲದ ವರ್ಣನೆ! ಸುಜಲದಂಥ ಸಮೀಕ್ಷೆಯ ನಕ್ಷೆಗಳಲ್ಲಿ ‘ಎಂ’ ಎಂದರೆ ಮೇಲ್ಮಣ್ಣು ಜೇಡಿ. ‘ಬಿ’ ಎಂದರೆ ಇಳಿಜಾರು ಶೇ. 1ರಿಂದ 3. ‘2’ ಎಂದರೆ ಕೊಚ್ಚಣೆ ಮಧ್ಯಮ. ‘ಜಿ 1’ ಎಂದರೆ ಶೇ. 15ರಿಂದ 35ರಷ್ಟು ಗರಸು. ಇವುಗಳ ಮುಂದೆ ಮಣ್ಣಿನ ಸರಣಿಯ, ಅಂದರೆ ಅದರ ಅತಿ ಕೆಳಗಿನ ವರ್ಗದ, ಹೆಸರು ಸೇರಿದರೆ ಜಾತಕ ಪೂರ್ತಿ.

◆ ಮಣ್ಣುವಿಜ್ಞಾನಿಯ ಅತ್ಯಂತ ಅಗ್ಗದ ಉಪಕರಣ ಅವರ ಹೆಬ್ಬೆರಳು. ಮಣ್ಣನ್ನು ನೀರು ಹಾಕಿ ನಾದಿ ಉಂಡೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಡಿಸುತ್ತಾರೆ. ಉಂಡೆಯೇ ಕಟ್ಟದಿದ್ದರೆ ಮರಳು. ಪಟ್ಟಿ ಎರಡೂವರೆ ಸೆಂಟಿಮೀಟರಿಗೆ ಮುಂಚೆ ಮುರಿದರೆ ಗೋಡು. ಐದು ಸೆಂಟಿಮೀಟರ್ ದಾಟಿಯೂ ಜೋತಾಡಿದರೆ ಜೇಡಿ. ಪಳಗಿದ ಕೈಗೆ ಪ್ರಯೋಗಾಲಯದ ಉತ್ತರವೂ ಇದೇ ಉತ್ತರವೂ ಬಹಳ ಸಲ ಒಂದೇ. ಕುಂಬಾರರು ಇದನ್ನು ಕೇಳಿದರೆ ನಕ್ಕಾರು.

◆ ಪ್ರಯೋಗಾಲಯದಲ್ಲಿ ಕಣಗಳನ್ನು ಬೇರ್ಪಡಿಸುವ ಕೆಲಸ ಗಡಿಯಾರದ್ದು. 2 ಮಿ.ಮೀ.ನಿಂದ 0.05 ಮಿ.ಮೀ.ವರೆಗಿನ ಕಣ ಮರಳು, ಅಲ್ಲಿಂದ 0.002 ಮಿ.ಮೀ.ವರೆಗೆ ಹೂಳು, ಅದಕ್ಕೂ ಸಣ್ಣದು ಜೇಡಿ. ನೀರಿನಲ್ಲಿ ಕದಡಿ ಬಿಟ್ಟರೆ ಅತಿ ಸಣ್ಣ ಮರಳಿನ ಕಣವೂ ಮುಕ್ಕಾಲು ನಿಮಿಷದೊಳಗೆ 10 ಸೆಂ.ಮೀ. ಕೆಳಗಿಳಿಯುತ್ತದೆ. ಅಷ್ಟೇ ದೂರ ಇಳಿಯಲು 0.002 ಮಿ.ಮೀ. ಕಣಕ್ಕೆ ಸುಮಾರು 8 ತಾಸು ಬೇಕು.

◆ ಮನೆಯಲ್ಲೂ ಮಾಡಿ ನೋಡಬಹುದು: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಒಂದೆರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಮರಳು, ಮೇಲೆ ಹೂಳು, ಅದರ ಮೇಲೆ ಜೇಡಿ ಪದರಪದರವಾಗಿ ಕೂರುತ್ತವೆ. ನಮ್ಮ ಮನೆಯ ಹಿತ್ತಿಲ ಮಣ್ಣಿಗೆ ಈ ಪರೀಕ್ಷೆ ಮಾಡಿದಾಗ ಮೊದಲು ತಳ ಸೇರಿದ್ದು ಸಿಮೆಂಟಿನ ಚೂರು, ಟೈಲ್ಸ್ ತುಣುಕು. ನಗುವಂಥದ್ದೇನಲ್ಲ. ಜಾಗತಿಕ ಮಣ್ಣು ವರ್ಗೀಕರಣದಲ್ಲಿ ಇಟ್ಟಿಗೆ, ಕಾಂಕ್ರೀಟು, ಕಸ ಸೇರಿ ಆದ ಮಣ್ಣಿಗೆ ‘ಟೆಕ್ನೋಸಾಲ್’ ಎಂಬ ಪ್ರತ್ಯೇಕ ಗುಂಪೇ ಇದೆ. ಸೈಟು ಕೊಂಡವರಲ್ಲಿ ಎಷ್ಟೋ ಜನ ಅರಿಯದೆಯೇ ಟೆಕ್ನೋಸಾಲಿನ ಒಡೆಯರು.

◆ ನೂರರಲ್ಲಿ 40 ಪಾಲು ಜೇಡಿ ಇದ್ದರೆ ಸಾಕು, ಮರಳೂ ಹೂಳೂ ಅತಿಯಾಗಿಲ್ಲದ ಮಣ್ಣಿಗೆ ‘ಜೇಡಿಮಣ್ಣು’ ಎಂದೇ ಹೆಸರು. ಬಹುಮತವಿಲ್ಲದೆಯೂ ಸರ್ಕಾರ ನಡೆಸುವ ತಾಕತ್ತು ಅದಕ್ಕೆ ಬಂದದ್ದು ಕಣದ ಸಣ್ಣತನದಿಂದ. ಕಣ ಸಣ್ಣದಾದಷ್ಟೂ ನೀರು, ಗೊಬ್ಬರ ಹಿಡಿದಿಡುವ ಮೈ ಹೆಚ್ಚು.

◆ ಎರೆಭೂಮಿ ಕಪ್ಪಗಿರುವುದು ಗೊಬ್ಬರದ ಅಂಶ ತುಂಬಿ ತುಳುಕುವುದರಿಂದ ಎಂದು ನಂಬಿದವರು ಬಹಳ. ನಾನೂ ನಂಬಿದ್ದೆ. ನಮ್ಮ ಬಹುಪಾಲು ಎರೆಯಲ್ಲಿ ಸಾವಯವ ಇಂಗಾಲ ಶೇ. 1 ಕೂಡ ಇರುವುದಿಲ್ಲ! ಇರುವ ಅಷ್ಟಿಷ್ಟೇ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಅಷ್ಟು ಕಪ್ಪು ತೋರಿಸುತ್ತದೆ. ಕೆಮ್ಮಣ್ಣಿನ ಕೆಂಪಂತೂ ಕಬ್ಬಿಣದ ತುಕ್ಕಿನದು.

◆ ಬಣ್ಣ ಹೇಳುವುದರಲ್ಲೂ ಜಗಳ ಬೇಡವೆಂದು ಮಣ್ಣಿನವರು ಒಬ್ಬ ಚಿತ್ರಕಲಾ ಮೇಷ್ಟರ ಮೊರೆ ಹೋದರು. ಬಾಸ್ಟನ್ನಿನ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣಗಳಿಗೆ ಅಂಕಿ ಕೊಡುವ ಕ್ರಮವನ್ನು ಪ್ರಕಟಿಸಿದ. ಇಂದು ಜಗತ್ತಿನ ಸರ್ವೆಯವರ ಚೀಲದಲ್ಲಿ ಅವನ ಬಣ್ಣದ ಪುಸ್ತಕವಿದೆ. ಮಣ್ಣಿನ ಹೆಂಟೆಯನ್ನು ಪುಟದ ಪಕ್ಕ ಹಿಡಿದು ಹೊಂದುವ ಚೌಕ ಹುಡುಕುತ್ತಾರೆ, ಸೀರೆಗೆ ಹೊಂದುವ ರವಿಕೆ ಕಣ ಹುಡುಕಿದ ಹಾಗೆ. ‘10 ವೈಆರ್ 3/1’ ಎಂದರೆ ಎರೆಯ ಕಡುಬೂದು, ‘2.5 ವೈಆರ್ 3/6’ ಎಂದರೆ ಕಡುಗೆಂಪು. ಮುಂಜಾನೆ, ಮುಸ್ಸಂಜೆಯ ಬೆಳಕಿನಲ್ಲಿ ಈ ಕೆಲಸ ನಿಷಿದ್ಧ. ಎಲ್ಲವೂ ಕೆಂಪಗೆ ಕಾಣುತ್ತದೆ.

◆ ತನ್ನನ್ನು ತಾನೇ ಉಳುವ ಮಣ್ಣು ಯಾವುದು? ಎರೆಯೇ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಿದ್ದಾಗ ಉಬ್ಬಿ ಒಳಗಿನದು ಮೇಲಕ್ಕೆ ಒತ್ತರಿಸುತ್ತದೆ. ಲ್ಯಾಟಿನ್ನಿನ ‘ತಿರುಗಿಸು’ ಎಂಬ ಪದದಿಂದಲೇ ಅದಕ್ಕೆ ‘ವರ್ಟಿಸಾಲ್’ ಎಂಬ ಹೆಸರು. ಒಳಗಡೆ ಹೆಂಟೆಗಳು ಒಂದನ್ನೊಂದು ಉಜ್ಜಿ ಗಾಜಿನಂತೆ ಹೊಳೆಯುವ ಜಾರು ಮೈಗಳು ಉಂಟಾಗುತ್ತವೆ. ಬಿರುಕು, ಜಾರು ಮೈ, ಶೇ. 30ಕ್ಕೆ ಕಡಿಮೆಯಿಲ್ಲದ ಜೇಡಿ ಸಿಕ್ಕರೆ ಸರ್ವೆಯವರು ವರ್ಟಿಸಾಲ್ ಎಂದು ಬರೆದುಕೊಳ್ಳುತ್ತಾರೆ. ಅದೇ ನೆಲದಲ್ಲಿ ಬುನಾದಿ ತೋಡಿದ ಮನೆ ಮಾಲೀಕರು ಬರೆದುಕೊಳ್ಳುವುದು ಬೇರೆ ಲೆಕ್ಕ: ಗೋಡೆ ಬಿರುಕಿನ ರಿಪೇರಿಯದು.

◆ ‘ಟಿಪಿಕ್ ಹ್ಯಾಪ್ಲಸ್ಟರ್ಟ್’. ಔಷಧದ ಹೆಸರಲ್ಲ, ಎರೆಯ ಪೂರ್ಣ ನಾಮಧೇಯ. ಸಮಾಸ ಬಿಡಿಸುವಂತೆ ಹಿಂದಿನಿಂದ ಬಿಡಿಸಿ. ‘ಅರ್ಟ್’ ಎಂದರೆ ವರ್ಟಿಸಾಲ್ ಕುಲ. ‘ಅಸ್ಟ್’ ಎಂದರೆ ವರ್ಷದ ಒಂದು ಭಾಗ ಒಣಗುವ ನೆಲ. ‘ಹ್ಯಾಪ್ಲ್’ ಎಂದರೆ ಸಾದಾ. ‘ಟಿಪಿಕ್’ ಎಂದರೆ ಅದರಲ್ಲೂ ಮಾದರಿಯಾದದ್ದು. ಹೆಸರಿನೊಳಗೇ ಜಾತಿ, ಹವೆ, ಗುಣ ಎಲ್ಲ ಅಡಕ. ಗೈ ಸ್ಮಿತ್ ನೇತೃತ್ವದಲ್ಲಿ ಅಮೆರಿಕದವರು ಗ್ರೀಕ್ ಲ್ಯಾಟಿನ್ ಪಂಡಿತರನ್ನು ಜೊತೆಗಿಟ್ಟುಕೊಂಡು ಈ ಹೆಸರುಗಳನ್ನು ಟಂಕಿಸಿದರು. ತಿದ್ದಿ ತಿದ್ದಿ 1960ರಲ್ಲಿ ಹೊರತಂದ ಕರಡಿನ ಹೆಸರೇ ‘ಏಳನೇ ಅಂದಾಜು’. ಅಂದಾಜನ್ನು ಅಂದಾಜೆಂದೇ ಕರೆದ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. 1975ರ ಪುಸ್ತಕದಲ್ಲಿ ಮಣ್ಣಿನ ಗಣ 10 ಇದ್ದವು, ಈಗ 12.

◆ ಲ್ಯಾಟಿನ್ನಿನ ಅಬ್ಬರದ ನಡುವೆಯೂ ರೈತರ ಮಾತುಗಳು ವಿಜ್ಞಾನದೊಳಗೆ ನುಸುಳಿವೆ. ವಾಸಿಲಿ ದೊಕುಚಾಯೆವ್ 1883ರಲ್ಲಿ ಬರೆದ ಪುಸ್ತಕದಿಂದ ಲೋಕಪ್ರಸಿದ್ಧವಾದ ‘ಚರ್ನೋಝೆಮ್’ ರಷ್ಯನ್ನರ ‘ಕರಿನೆಲ’. ಮಣ್ಣು ಬರೀ ಪುಡಿಯಾದ ಕಲ್ಲಲ್ಲ. ಕಲ್ಲು, ಹವೆ, ಜೀವಿಗಳು, ಏರುತಗ್ಗು, ಕಾಲ ಸೇರಿ ಹುಟ್ಟಿದ್ದು ಎಂದು ತೋರಿಸಿದವನೂ ಆತನೇ. ‘ಪೊಡ್‌ಝೋಲ್’ ಎಂದರೆ ಬೂದಿಯಡಿ. ‘ಆಂಡಿಸಾಲ್’ನ ಬೇರು ಜಪಾನಿನ ಕಪ್ಪುಮಣ್ಣಿನ ಪದ. ನಮ್ಮ ಭೂಗೋಳದ ಪಾಠದಲ್ಲಿ ಬರುವ ‘ರೇಗೂರ್’ ತೆಲುಗಿನ ರೇಗಡಿ. ಎರೆ, ಮಸಾರಿ ಇನ್ನೂ ಸರದಿಯಲ್ಲಿ ನಿಂತಿವೆ.

◆ ‘ಲ್ಯಾಟರೈಟ್’ ಮಾತ್ರ ನಮ್ಮ ಪಕ್ಕದಲ್ಲೇ ಹುಟ್ಟಿದ ಹೆಸರು. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್, ಕೇರಳದ ಅಂಗಾಡಿಪುರದಲ್ಲಿ ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಬಂದೊಡನೆ ಗಟ್ಟಿಯಾಗುವ ಕಲ್ಲು ಕಂಡ. ಸ್ಥಳೀಯರು ಅದನ್ನು ಇಟ್ಟಿಗೆ ಕಲ್ಲು ಎನ್ನುತ್ತಿದ್ದರು. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ ‘ಲೇಟರ್’. 1807ರ ಪುಸ್ತಕದಲ್ಲಿ ಅದು ಲ್ಯಾಟರೈಟ್ ಆಯಿತು. ಕನ್ನಡದ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆಯೇ ಇದೆ, ನೋಡಿ. ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ಅಂಗಾಡಿಪುರದಲ್ಲಿ ಈಗ ಈ ಕಲ್ಲಿಗೊಂದು ಸ್ಮಾರಕವೂ ಉಂಟು.

◆ ವಿಜಯಪುರದ ಮಣ್ಣು ಯಾವ ಬಣ್ಣ? ಕಪ್ಪು ಎಂದಿರಾ? ಮಣ್ಣಿನ ಅತಿ ಕೆಳಗಿನ ವರ್ಗಕ್ಕೆ ಸರಣಿ ಎಂದು ಹೆಸರು. ಅದನ್ನು ಮೊದಲು ಗುರುತಿಸಿದ ಜಾಗದ ಹೆಸರನ್ನೇ ಅದಕ್ಕಿಡುವುದು ವಾಡಿಕೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಹೊಲಗಳು ಸೇರಿದ್ದು ‘ವಿಜಯಪುರ ಸರಣಿ’ಗೆ, ಅದು ಅಪ್ಪಟ ಕೆಮ್ಮಣ್ಣು! ಈ ವಿಜಯಪುರ ದೇವನಹಳ್ಳಿ ಸೀಮೆಯದು. ಉತ್ತರ ಕರ್ನಾಟಕದ ವಿಜಯಪುರ ಆಗಿನ್ನೂ ಬಿಜಾಪುರವಾಗಿತ್ತು. ಮುಂದೆ ಊರಿನ ಹೆಸರು ಬದಲಿಸುವವರು ಮಣ್ಣಿನವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

◆ ಹುಲಿಗೆ ಮೈ ಇದೆ, ಮರಕ್ಕೆ ತೊಗಟೆ ಇದೆ. ಮಣ್ಣು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಒಂದು ಬಗೆ ಇನ್ನೊಂದರೊಳಗೆ ಸದ್ದಿಲ್ಲದೆ ಕರಗಿಹೋಗುತ್ತದೆ. ಆದ್ದರಿಂದ 1ರಿಂದ 10 ಚದರ ಮೀಟರ್ ವಿಸ್ತಾರದ ಒಂದು ಕಂಬವನ್ನು ‘ಪೆಡಾನ್’ ಎಂದು ಊಹಿಸಿಕೊಂಡು ಅದನ್ನೇ ಒಂದು ಮಣ್ಣೆಂದು ಲೆಕ್ಕ ಹಿಡಿಯುತ್ತಾರೆ. ನಕ್ಷೆಯಲ್ಲಿ ಕಾಣುವ ಖಡಕ್ ಗೆರೆ ನೆಲದಲ್ಲಿ ಹುಡುಕಿದರೆ ಸಿಗದು; ಅದು ಬದುವಲ್ಲ, ಒಪ್ಪಂದ.

◆ ಆದರೂ ಕ್ರಮವೊಂದು ಇದೆ. ದಿಬ್ಬದ ಮೇಲೆ ಕೆಂಪು, ತಗ್ಗಿಗೆ ಬಂದಂತೆ ಕಪ್ಪು ಎಂಬುದನ್ನು ಚಾಮರಾಜನಗರದ ಕಡೆ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಪೂರ್ವ ಆಫ್ರಿಕದಲ್ಲಿ ಇಂಥದ್ದನ್ನೇ ಕಂಡ ಜೆಫ್ರಿ ಮಿಲ್ನ್ 1930ರ ದಶಕದಲ್ಲಿ ಅದಕ್ಕೆ ‘ಕೆಟೀನ’ ಎಂದ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಸರಪಳಿ.

◆ ಸವಳು ಭೂಮಿಯಲ್ಲೂ ಎರಡು ಜಾತಿ. ತಪ್ಪು ಗುರುತಿಸಿದರೆ ಜೇಬಿಗೆ ಕತ್ತರಿ. ಮಣ್ಣಿನ ರಸದ ವಿದ್ಯುತ್ ವಾಹಕತೆ 4 ಮಾನ ದಾಟಿ, ರಸಸಾರ 8.5ರ ಒಳಗಿದ್ದರೆ ಅದು ಬರೀ ಉಪ್ಪಿನ ನೆಲ. ಬಸಿಗಾಲುವೆ ತೋಡಿ ಒಳ್ಳೆಯ ನೀರು ಹಾಯಿಸಿ ತೊಳೆಯಬಹುದು. ರಸಸಾರ 8.5 ಮೀರಿ ಸೋಡಿಯಂ ಕೂತಿದ್ದರೆ ಬರೀ ನೀರು ಹಾಯಿಸಿ ಫಲವಿಲ್ಲ. ಜೇಡಿ ಕದಡಿ ನೆಲ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೊದಲು ಜಿಪ್ಸಂ, ಆಮೇಲೆ ನೀರು. ತುಂಗಭದ್ರಾ ಅಚ್ಚುಕಟ್ಟಿನವರಿಗೆ ಇದು ಬಾಯಿಪಾಠ.

◆ 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವುದು ಆ ಯೋಜನೆ ಹಾಕಿಕೊಂಡ ಲೆಕ್ಕ. ಇದು ಮಣ್ಣಿನ ಸಮೀಕ್ಷೆಯಲ್ಲ, ಜ್ವರ ನೋಡಿದಂತೆ: ಕೆಲವೇ ವರ್ಷಗಳಲ್ಲಿ ಮತ್ತೆ ನೋಡಬೇಕು. ಆಳ, ಜೇಡಿ, ಗರಸು ಹೇಳುವ ಸಮೀಕ್ಷೆ ಮಾತ್ರ ಮೈಕಟ್ಟಿನ ವರದಿ. ತಲೆಮಾರಿಗೂ ಹೆಚ್ಚು ಬಾಳುತ್ತದೆ. ಎರಡನ್ನೂ ಒಂದೇ ಎಂದುಕೊಂಡವರು ಕಚೇರಿಗಳಲ್ಲೂ ಇದ್ದಾರೆ.

◆ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಮಣ್ಣಿಗೇ ಮೀಸಲಾದ ಮ್ಯೂಸಿಯಂ ಇದೆ. ದೇಶದೇಶಗಳ ಮಣ್ಣನ್ನು ಆಳುದ್ದದ ಪಟ್ಟಿಗಳಾಗಿ ಕತ್ತರಿಸಿ ತಂದು ಗೋಡೆಗೆ ನಿಲ್ಲಿಸಿದ್ದಾರೆ. ಆ ಮ್ಯೂಸಿಯಂ ನಡೆಸುವ ಸಂಸ್ಥೆಯೇ ಸುಮಾರು 2.4 ಲಕ್ಷ ಜಾಗಗಳ ದತ್ತಾಂಶ ಕೂಡಿಸಿ, ಕಂಪ್ಯೂಟರಿನಿಂದ ಊಹಿಸಿ, ಇಡೀ ಜಗತ್ತಿಗೆ 250 ಮೀಟರಿಗೊಂದು ಚೌಕದಂತೆ ಮಣ್ಣಿನ ನಕ್ಷೆ ಮಾಡಿದೆ. ಒಂದು ಚೌಕಕ್ಕೆ ಸುಮಾರು 15 ಎಕರೆ. ನಮ್ಮಲ್ಲಿ ಅಷ್ಟರೊಳಗೆ ಐದಾರು ಅಣ್ಣತಮ್ಮಂದಿರ ಪಾಲು.

◆ ಕೊನೆಗೊಂದು. ಸರ್ವೆಯವರು ನಿಮ್ಮ ಹೊಲದಲ್ಲಿ ಆಳುದ್ದದ ಗುಂಡಿ ತೋಡಲು ಬಂದರೆ ಒಂದು ಮಾತು ಕೇಳಿಕೊಳ್ಳಿ: ಮೇಲ್ಮಣ್ಣು ಒಂದು ಕಡೆ, ಒಳಮಣ್ಣು ಇನ್ನೊಂದು ಕಡೆ ಗುಡ್ಡೆ ಹಾಕಿ, ಮುಚ್ಚುವಾಗ ಒಳಮಣ್ಣು ಮೊದಲು. ಬಲ್ಲವರು ಹೇಳದೆಯೂ ಹಾಗೇ ಮಾಡುತ್ತಾರೆ. ಹಾಗೆ ಮಾಡದಿದ್ದರೆ ಗುಂಡಿ ಎಲ್ಲಿತ್ತೆಂದು ಮುಂದಿನ ಬೆಳೆಯೇ ತೋರಿಸಿಕೊಡುತ್ತದೆ. ಎದೆಯುದ್ದದ ಜೋಳದ ನಡುವೆ, ಚೌಕಾಕಾರದಲ್ಲಿ, ಮೊಣಕಾಲುದ್ದದ ಜೋಳ.