ರಕ್ತನಾಳ ಚೆನ್ನಾಗಿದ್ದರೆ ನೆನಪೂ ಚೆನ್ನ



“ಅತ್ತೆಗೆ ಅರಳು ಮರಳು ಸಿಸ್ಟರ್, ವಯಸ್ಸಾಯ್ತಲ್ಲ” ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಮರೆವಿಗೆ ವಯಸ್ಸೊಂದೇ ಕಾರಣವಲ್ಲ. ಎಷ್ಟೋ ಸಲ ಅದರ ಬೇರು ರಕ್ತನಾಳಗಳಲ್ಲಿರುತ್ತದೆ. ಅದೂ ನಲವತ್ತು-ಐವತ್ತರ ವಯಸ್ಸಿನಲ್ಲೇ ಶುರುವಾಗಿರುತ್ತದೆ.

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಹೃದಯ ಅದನ್ನು ರಕ್ತದ ಮೂಲಕ, ಕೂದಲಿಗಿಂತ ತೆಳುವಾದ ನಾಳಗಳವರೆಗೂ ತಲುಪಿಸುತ್ತದೆ. ತೋಟದ ಪೈಪಿನಲ್ಲಿ ಒತ್ತಡ ವರ್ಷಗಟ್ಟಲೆ ಜಾಸ್ತಿ ಇದ್ದರೆ ಏನಾಗುತ್ತೆ? ಪೈಪು ಹಾಳಾಗಿ ಕೊನೆಯ ಗಿಡಗಳು ಒಣಗುತ್ತವೆ. ಬಿ.ಪಿ. ಮೆದುಳಿಗೆ ಮಾಡುವುದೂ ಇದನ್ನೇ. ಸಕ್ಕರೆ ಕಾಯಿಲೆ, ಕೊಬ್ಬು, ಹೊಗೆಸೊಪ್ಪು ಅದಕ್ಕೆ ಜೊತೆಯಾಗುತ್ತವೆ.

ದೊಡ್ಡ ನಾಳ ಕಟ್ಟಿದರೆ ಅಥವಾ ಒಡೆದರೆ ಪಾರ್ಶ್ವವಾಯು. ಸಣ್ಣ ನಾಳಗಳು ಒಂದೊಂದಾಗಿ ಕಟ್ಟಿದರೆ ಮೊದಮೊದಲು ಗೊತ್ತೇ ಆಗುವುದಿಲ್ಲ. ಯೋಚನೆ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ, ನಡಿಗೆ ತಡವರಿಸುತ್ತದೆ.

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಮಾಡುವ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿ.ಪಿ., ಸಕ್ಕರೆ ಕಾಯಿಲೆ, ಕೊಬ್ಬು, ಧೂಮಪಾನ ಅದರಲ್ಲಿವೆ. ಈ ಹದಿನಾಲ್ಕನ್ನೂ ದೂರ ಮಾಡಿದರೆ ನೂರರಲ್ಲಿ ಸುಮಾರು 45 ಮಂದಿಗೆ ಈ ಕಾಯಿಲೆ ತಪ್ಪಬಹುದು ಅಥವಾ ತಡವಾಗಬಹುದು.

ನಾವು ಏನು ಮಾಡಬಹುದು?

1. ವಯಸ್ಸು 30 ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಬಿ.ಪಿ. 140/90 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿ.

2. ಬಿ.ಪಿ.ಗೆ ನೋವಿಲ್ಲ. ಅದಕ್ಕೇ ಮನೆಯವರ ಮಾತ್ರೆ ನೆನಪಿಡುವ ಹೆಂಗಸರು ತಮ್ಮದನ್ನು ಬಿಟ್ಟುಬಿಡುತ್ತಾರೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

3. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

4. ಎಲೆ-ಅಡಿಕೆ, ಹೊಗೆಸೊಪ್ಪು ಬಿಡಿ. ವಾರಕ್ಕೆ 5 ದಿನ 30 ನಿಮಿಷ ಚುರುಕಾಗಿ ನಡೆಯಿರಿ.

5. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಮದ್ದು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಮರೆವು ಬಂದ ಹಿರಿಯರನ್ನು ಬೈಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

ಮುಂದಿನ ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಉಳಿತಾಯ ಬರೆಯುವ ಹಾಗೇ ಪ್ರತಿ ಸದಸ್ಯೆಯೂ ತನ್ನ ಬಿ.ಪಿ. ಬರೆದಿಟ್ಟುಕೊಳ್ಳಲಿ. ಇದೂ ಮುಪ್ಪಿನ ಕಾಲಕ್ಕೆ ನಾವು ಕಟ್ಟುವ ಉಳಿತಾಯವೇ.