ಆಸ್ಪತ್ರೆಯಲ್ಲಿ ಹಿರಿಯರು ಬೀಳದಂತೆ ಕಾಯುವುದು ಹೇಗೆ?

ಸಿರಸಂಗಿ: ಜ್ವರಕ್ಕೋ ದಮ್ಮಿಗೋ ಆಸ್ಪತ್ರೆ ಸೇರಿದ ಹಿರಿಯರು, ಕಾಯಿಲೆ ವಾಸಿಯಾಗುವ ಹೊತ್ತಿಗೆ ಕಾಲು ಜಾರಿ ಬಿದ್ದು, ಸೊಂಟ ಮುರಿದುಕೊಂಡು ಮತ್ತೆ ಹಾಸಿಗೆ ಹಿಡಿಯುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಇವರಲ್ಲಿ 60 ವರ್ಷ ಮೀರಿದವರೇ ಹೆಚ್ಚು.

ಸವದತ್ತಿ ಸೀಮೆಯ ಸಿರಸಂಗಿಯಂಥ ಊರುಗಳ ಹಿರಿಯರು ದೊಡ್ಡ ಚಿಕಿತ್ಸೆಗೆ ಧಾರವಾಡ, ಹುಬ್ಬಳ್ಳಿ ಇಲ್ಲವೇ ಬೆಳಗಾವಿಗೆ ಹೋಗಬೇಕು. ನೆಲದ ಮೇಲೆ ಹಾಸಿಕೊಂಡು ಮಲಗಿ ರೂಢಿಯಾದವರಿಗೆ ಅಲ್ಲಿನ ಎತ್ತರದ ಮಂಚ ಹೊಸದು. ಮನೆಯ ಬಚ್ಚಲಿಗೆ ಕತ್ತಲಲ್ಲೂ ನಡೆಯಬಲ್ಲವರಿಗೆ ವಾರ್ಡಿನ ಶೌಚಾಲಯದ ದಾರಿ ಗೊತ್ತಿರುವುದಿಲ್ಲ.

ಬೀಳುವುದೇಕೆ?

ಮಲಗಿದ್ದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ನಿಂತ 3 ನಿಮಿಷದೊಳಗೆ ಮೇಲಿನ ಒತ್ತಡ 20 ಅಂಶ ಇಳಿದರೆ ಅದು ಅಪಾಯದ ಸೂಚನೆ. ನಿದ್ರೆ ಮಾತ್ರೆ, ರಕ್ತದೊತ್ತಡದ ಔಷಧ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಕಾರಣವಾಗುತ್ತವೆ. ಕೆಲವೇ ದಿನ ಮಲಗಿದರೂ ಕಾಲಿನ ಸ್ನಾಯುಗಳ ಬಲ ಕುಗ್ಗುತ್ತದೆ.

ಅಪಾಯವನ್ನು ಮೊದಲೇ ಅಳೆಯಲು ಜಾನಿಸ್ ಮೋರ್ಸ್ 1980ರ ದಶಕದಲ್ಲಿ ರೂಪಿಸಿದ ಮಾಪಕ ಇಂದಿಗೂ ಬಳಕೆಯಲ್ಲಿದೆ. ಹಿಂದೆ ಬಿದ್ದದ್ದು, ಬೇರೆ ಕಾಯಿಲೆ, ಊರುಗೋಲು, ಸಲೈನ್ ನಳಿಕೆ, ನಡಿಗೆ, ಮನಸ್ಸಿನ ಎಚ್ಚರ ಎಂಬ ಆರು ಅಂಶಗಳಿಗೆ ದಾದಿಯರು ಅಂಕ ನೀಡುತ್ತಾರೆ. ಒಟ್ಟು 125ರಲ್ಲಿ 45 ದಾಟಿದವರನ್ನು ಸಾಮಾನ್ಯವಾಗಿ ಹೆಚ್ಚು ಅಪಾಯದವರೆಂದು ಪರಿಗಣಿಸಲಾಗುತ್ತದೆ.

ಕಟ್ಟಿಹಾಕುವುದು ಪರಿಹಾರವಲ್ಲ

ಮಂಚದ ಎರಡೂ ಬದಿಯ ಕಂಬಿ ಏರಿಸಿದರೆ ಸಾಕೆಂಬ ನಂಬಿಕೆಯಿದೆ. ಆದರೆ ಗೊಂದಲಗೊಂಡ ರೋಗಿ ಕಂಬಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು. ಕೈಕಾಲು ಕಟ್ಟಿದರೆ ದೇಹದ ಶಕ್ತಿ ಮತ್ತಷ್ಟು ಕುಗ್ಗುತ್ತದೆ. ಮಂಚವನ್ನು ತಗ್ಗಿಸುವುದು, ಚಕ್ರಗಳಿಗೆ ತಡೆ ಹಾಕುವುದು, ರಾತ್ರಿ ಸಣ್ಣ ದೀಪ ಉರಿಸುವುದು, ಒದ್ದೆ ನೆಲವನ್ನು ತಕ್ಷಣ ಒರೆಸುವುದು ಹೆಚ್ಚು ಸುರಕ್ಷಿತ ಕ್ರಮಗಳು.

ಜೊತೆಗಿರುವವರ ಪಾತ್ರವೂ ಹಿರಿದು. ಕನ್ನಡಕ, ನೀರು, ಕರೆಗಂಟೆ ಕೈಗೆಟುಕುವಂತಿರಲಿ. ಜಾರುವ ಚಪ್ಪಲಿ ಬೇಡ. ಧೋತರ, ಸೀರೆಯ ಅಂಚು ಕಾಲಿಗೆ ತೊಡರದಂತಿರಲಿ. ಏಳುವ ಮೊದಲು ಕೆಲ ನಿಮಿಷ ಮಂಚದ ಅಂಚಿನಲ್ಲಿ ಕೂರಿಸಬೇಕು. ಮಲಗುವ ಮುನ್ನ ಒಮ್ಮೆ ಶೌಚಾಲಯಕ್ಕೆ ಕರೆದೊಯ್ಯಬೇಕು. ಬಿದ್ದರೆ ಅವಸರದಿಂದ ಎಬ್ಬಿಸದೆ ದಾದಿಯನ್ನು ಕರೆಯಬೇಕು.

ಮಲಗಿದವರನ್ನು ನಡುರಾತ್ರಿ ಎಬ್ಬಿಸುವುದೇಕೆಂಬ ಸಂಕೋಚದಿಂದ ಎಷ್ಟೋ ಹಿರಿಯರು ಒಬ್ಬರೇ ಏಳುತ್ತಾರೆ. ‘ಎಷ್ಟು ಹೊತ್ತಾದರೂ ಎಬ್ಬಿಸು’ ಎಂದು ಮನೆಯವರು ಮೊದಲೇ ಹೇಳಿಟ್ಟರೆ ಆ ಸಂಕೋಚ ಕಳೆಯುತ್ತದೆ.